ಮಾತು ಬಾರದ ಕೂಸಿನ ಮನಸ್ಸನ್ನು ಅಳೆಯಲು ಹೊರಟವರು

1980ರ ದಶಕದವರೆಗೂ ಹಸುಗೂಸುಗಳಿಗೆ, ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದವಕ್ಕೆ, ಸಾಕಷ್ಟು ಅರಿವಳಿಕೆ ಕೊಡದೆ ಆಪರೇಷನ್ ಮಾಡುವುದು ಅಪರೂಪವೇನೂ ಆಗಿರಲಿಲ್ಲ. ಮೈ ಅಲುಗದಂತೆ ಒಂದು ಔಷಧ, ಜೊತೆಗೆ ನೈಟ್ರಸ್ ಆಕ್ಸೈಡ್ ಎಂಬ ಹಗುರ ಅರಿವಳಿಕೆ ಅನಿಲ. ಎಷ್ಟೋ ಸಲ ಅಷ್ಟೇ. ಡಾಕ್ಟರುಗಳು ಕಟುಕರಾಗಿದ್ದರು ಅಂತಲ್ಲ. ಅಷ್ಟು ಎಳೆಯ ಕೂಸಿನ ನರಗಳು ಇನ್ನೂ ಬಲಿತಿರುವುದಿಲ್ಲ, ನೋವು ಅದಕ್ಕೆ ನಿಜವಾಗಿ ತಿಳಿಯುವುದಿಲ್ಲ ಎಂದು ಅನೇಕರು ನಂಬಿದ್ದರು. ಜಾಸ್ತಿ ಅರಿವಳಿಕೆ ಕೊಟ್ಟರೆ ಜೀವಕ್ಕೇ ಕುತ್ತು ಎಂಬ ಭಯವೂ ಇತ್ತು.

1987ರಲ್ಲಿ ಕೆ. ಜೆ. ಎಸ್. ಆನಂದ್ ಮತ್ತು ಜೊತೆಗಾರರು ಆಕ್ಸ್‌ಫರ್ಡ್‌ನಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಹೃದಯದ ಬಳಿ ಆಪರೇಷನ್ ಆಗಬೇಕಿದ್ದ, ದಿನ ತುಂಬದ ಕೂಸುಗಳಲ್ಲಿ ಕೆಲವಕ್ಕೆ ಅವರು ಫೆಂಟನಿಲ್ ಎಂಬ ನೋವು ನಿವಾರಕವನ್ನೂ ಕೊಟ್ಟಿದ್ದರು. ಆ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಅಷ್ಟಾಗಿ ಏರಲಿಲ್ಲ. ಆಪರೇಷನ್ ನಂತರದ ತೊಂದರೆಗಳೂ ಕಡಿಮೆಯಾದವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಸುಗೂಸುಗಳಿಗೂ ಅರಿವಳಿಕೆ ಕೊಡಬೇಕು ಎಂದು ಹೇಳಿಕೆ ಹೊರಡಿಸಿತು. ಕೂಸಿಗೆ ಏನು ತಿಳಿಯುತ್ತದೆ ಎಂಬ ಪ್ರಶ್ನೆ ಬರೀ ಪಂಡಿತರ ಹರಟೆಯಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಕೂಸಿಗೆ ಏನೂ ತಿಳಿಯದು ಎಂಬ ಎಣಿಕೆ ಅಷ್ಟು ಕಾಲ ಉಳಿದದ್ದು ಯಾಕೆ? ಬಾಯಿ ಬಾರದ ಕೂಸನ್ನು ಕೇಳುವ ದಾರಿಯೇ ಗೊತ್ತಿರಲಿಲ್ಲ, ಅದಕ್ಕೇ. ನೋಡಿ ಬರೆದಿಟ್ಟವರು ಇದ್ದರು. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ. ಆದರೆ 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಕೂಸಿಗೆ ಲೋಕವೆಲ್ಲ ಒಂದು ದೊಡ್ಡ ಗಲಿಬಿಲಿ ಎಂದು ಬರೆದ. ಯಾವ ಕೂಸನ್ನೂ ಪರೀಕ್ಷಿಸಿ ಬರೆದದ್ದಲ್ಲ. ಆದರೂ ಆ ಮಾತು ದಶಕಗಟ್ಟಲೆ ಓಡಿತು.

ಪರೀಕ್ಷೆ ಎನ್ನಬಹುದಾದದ್ದನ್ನು ಮಾಡಿದವರು ಸ್ವಿಟ್ಜರ್ಲೆಂಡ್‌ನ ಜೀನ್ ಪಿಯಾಜೆ. 1920–30ರ ದಶಕಗಳಲ್ಲಿ ತಮ್ಮ ಮೂವರು ಮಕ್ಕಳ ಜೊತೆ ಸಣ್ಣಸಣ್ಣ ಪ್ರಯೋಗ ನಡೆಸಿದರು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಆರು ತಿಂಗಳ ಕೂಸು ಅದನ್ನು ಹುಡುಕುವುದಿಲ್ಲ. ಎಂಟು ತಿಂಗಳ ಹೊತ್ತಿಗೆ ಬಟ್ಟೆ ಎಳೆಯುತ್ತದೆ. ಅಂದರೆ ಅಲ್ಲಿಯವರೆಗೆ, ಕಣ್ಣಿಗೆ ಕಾಣದ್ದು ಕೂಸಿನ ಪಾಲಿಗೆ ಇಲ್ಲವೇ ಇಲ್ಲ ಎಂದರು ಪಿಯಾಜೆ. ಆದರೆ ಈ ಪರೀಕ್ಷೆಯಲ್ಲಿ ಪಾಸಾಗಲು ಕೈ ಚಾಚಬೇಕು, ಬಟ್ಟೆ ಹಿಡಿಯಬೇಕು, ಎಳೆಯಬೇಕು. ಆಟಿಕೆ ಅಲ್ಲೇ ಇದೆ ಎಂದು ಗೊತ್ತಿದ್ದೂ ಕೈ ಮಾತು ಕೇಳದಿದ್ದರೆ?

ಕೈ ಬಿಟ್ಟು ಕಣ್ಣನ್ನು ಕೇಳಿದ್ದು ಅಮೆರಿಕದ ರಾಬರ್ಟ್ ಫ್ಯಾಂಟ್ಜ್. ಸಂಶೋಧಕನೊಬ್ಬ ಸಣ್ಣ ತೂತಿನಿಂದ ಇಣುಕಿ, ಕೂಸಿನ ಕಣ್ಣಿನಲ್ಲಿ ಯಾವ ಚಿತ್ರದ ಪ್ರತಿಬಿಂಬ ಎಷ್ಟು ಹೊತ್ತು ಮೂಡುತ್ತದೆ ಎಂದು ಲೆಕ್ಕ ಇಡುತ್ತಿದ್ದ. ಎರಡು ಚಿತ್ರಗಳಲ್ಲಿ ಒಂದನ್ನೇ ಮತ್ತೆ ಮತ್ತೆ ಜಾಸ್ತಿ ನೋಡಿದರೆ, ಎರಡೂ ಬೇರೆ ಎಂದು ಕೂಸಿಗೆ ತಿಳಿಯಿತು ಎಂದರ್ಥ. 1963ರಲ್ಲಿ ಫ್ಯಾಂಟ್ಜ್ ತೋರಿಸಿದ ಹಾಗೆ, ಐದು ದಿನ ತುಂಬದ ಕೂಸುಗಳೂ ಬರೀ ಬಣ್ಣಕ್ಕಿಂತ ಗೆರೆ, ಮುಖದಂಥ ಆಕಾರಗಳನ್ನು ಜಾಸ್ತಿ ನೋಡುತ್ತಿದ್ದವು. ಕೂಸಿನ ಬೇಸರವೂ ಅಳತೆಗೋಲಾಯಿತು. ಒಂದನ್ನೇ ತೋರಿಸುತ್ತಿದ್ದರೆ ಕೂಸಿಗೆ ಸಾಕಾಗಿ ಮುಖ ತಿರುಗಿಸುತ್ತದೆ. ಹೊಸದು ಬಂದರೆ ಮತ್ತೆ ಕಣ್ಣರಳಿಸುತ್ತದೆ.

ಆಮೇಲೆ ಬಾಯಿಯ ಸರದಿ. ಮಾತಾಡುವ ಬಾಯಲ್ಲ, ಚೀಪುವ ಬಾಯಿ. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಗಾರರು ಚೀಪುವ ನಿಪ್ಪಲ್ಲಿಗೆ, ಕೂಸು ಎಷ್ಟು ಚೀಪುತ್ತದೆ ಎಂದು ಅಳೆಯುವ ಒಂದು ಉಪಕರಣ ಜೋಡಿಸಿದರು. ‘ಬ’ ಕೇಳಿ ಕೇಳಿ ಬೇಸತ್ತ ಒಂದು ತಿಂಗಳ ಕೂಸು ‘ಪ’ ಕೇಳಿದೊಡನೆ ಜೋರಾಗಿ ಚೀಪತೊಡಗುತ್ತಿತ್ತು. 1980ರಲ್ಲಿ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್, ಮೂರು ದಿನದೊಳಗಿನ ಕೂಸುಗಳು ಚೀಪುವ ಲಯ ಬದಲಿಸಿ ತಾಯಿಯ ದನಿಯನ್ನೇ ಆರಿಸಿಕೊಳ್ಳುತ್ತವೆ ಎಂದು ತೋರಿಸಿದರು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನ. ಹಿಂದಿಯ ‘ತ’ ಮತ್ತು ‘ಟ’ ನಡುವಿನ ವ್ಯತ್ಯಾಸ ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳಿಗೆ ಸಲೀಸಾಗಿ ಕೇಳಿಸುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಕೇಳಿಸುತ್ತಿರಲಿಲ್ಲ. ಅಂದರೆ ಕಲಿಯುವುದರಲ್ಲಿ ಬೇಡದ್ದನ್ನು ಬಿಡುವುದೂ ಸೇರಿದೆ.

ಕೂಸು ಒಂಟಿಯಾಗಿ ಬೆಳೆಯುವುದಿಲ್ಲವಲ್ಲ. 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು ತಾಯಂದಿರಿಗೆ ಒಂದು ಕೆಲಸ ಹೇಳಿದರು. ಮೊದಲು ಮಗುವಿನೊಡನೆ ಎಂದಿನಂತೆ ನಕ್ಕು ಆಡಿ, ಆಮೇಲೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಿರಿ. ಕೂಸು ಮೊದಲು ನಗುತ್ತದೆ, ತಾಯಿಯ ಗಮನ ಸೆಳೆಯಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿ ಮುದುಡಿಕೊಳ್ಳುತ್ತದೆ. ನಗುವಿಗೆ ಮರುನಗು ಬರಬೇಕು ಎಂಬ ನಿರೀಕ್ಷೆ ಅದಕ್ಕೆ ಆಗಲೇ ಇದೆ. ಮತ್ತೆ ಮತ್ತೆ ಮಾಡಿ ನೋಡಿದರೂ ಗಟ್ಟಿಯಾಗಿ ನಿಂತ ಪ್ರಯೋಗಗಳಲ್ಲಿ ಇದೂ ಒಂದು.

ಇಲ್ಲಿಂದ ಮುಂದೆ ಉತ್ಸಾಹ ಸ್ವಲ್ಪ ಜಾಸ್ತಿಯೇ ಆಯಿತು ಎನ್ನಬೇಕು. 1985ರಲ್ಲಿ ರೆನೆ ಬಯಾರ್ಜನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ ಹಿಂದಕ್ಕೆ ಮಗುಚಿಕೊಳ್ಳುವ ಒಂದು ಹಲಗೆಯ ಹಿಂದೆ ಪೆಟ್ಟಿಗೆ ಇಟ್ಟರು. ಹಲಗೆ ಪೆಟ್ಟಿಗೆಯನ್ನು ತೂರಿಕೊಂಡು ಹೋದ ಹಾಗೆ ಕಂಡಾಗ ಐದು ತಿಂಗಳ ಕೂಸುಗಳು ಜಾಸ್ತಿ ಹೊತ್ತು ನೋಡಿದವು. ಪಿಯಾಜೆ ತಪ್ಪು, ಕಾಣದ ವಸ್ತುವೂ ಕೂಸಿನ ಮನಸ್ಸಿನಲ್ಲಿ ಇದೆ ಎಂದಾಯಿತು. 1992ರಲ್ಲಿ ಕ್ಯಾರೆನ್ ವಿನ್, ಐದು ತಿಂಗಳಿಗೇ ಕೂಡುವ ಕಳೆಯುವ ಲೆಕ್ಕ ಇದೆ ಎಂದರು. ಎಲ್ಲಕ್ಕೂ ಆಧಾರ ಒಂದೇ: ಜಾಸ್ತಿ ಹೊತ್ತು ನೋಡಿತು. ಆದರೆ ನೋಡಿದ್ದು ಅಚ್ಚರಿಯಿಂದಲೋ, ಬರೀ ಬೆಳಕು ಚಲನೆ ಬದಲಾದದ್ದಕ್ಕೋ? ಮಾರ್ಷಲ್ ಹೇತ್‌ರಂಥ ಮನಶ್ಶಾಸ್ತ್ರಜ್ಞರು ಆಗಲೇ ಈ ತಕರಾರು ಎತ್ತಿದ್ದರು. ಅದು ಹುರುಳಿಲ್ಲದ ತಕರಾರು ಎಂದು ನನಗನ್ನಿಸುವುದಿಲ್ಲ.

ಪಠ್ಯಪುಸ್ತಕ ಸೇರಿದ್ದ ಸಂಗತಿಗಳೇ ಈಗ ಅಲುಗಾಡುತ್ತಿವೆ. ಎರಡು ಮೂರು ವಾರದ ಕೂಸು ದೊಡ್ಡವರನ್ನು ನೋಡಿ ನಾಲಿಗೆ ಚಾಚುತ್ತದೆ ಎಂದು ಆಂಡ್ರ್ಯೂ ಮೆಲ್ಟ್‌ಜಾಫ್ ಮತ್ತು ಕೀತ್ ಮೂರ್ 1977ರಲ್ಲಿ ಹೇಳಿದ್ದರು. ಆಸ್ಟ್ರೇಲಿಯಾದಲ್ಲಿ 106 ಕೂಸುಗಳನ್ನು ಒಂದರಿಂದ ಒಂಬತ್ತನೇ ವಾರದವರೆಗೆ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಬಂತು. ಅದಕ್ಕೆ ಅನುಕರಣೆ ಕಾಣಲಿಲ್ಲ. ಕೂಸುಗಳು ನಾಲಿಗೆ ಚಾಚಿದವು ನಿಜ, ಆದರೆ ಬೇರೇನನ್ನೋ ತೋರಿಸಿದಾಗಲೂ ಚಾಚಿದವು. ಮೆಲ್ಟ್‌ಜಾಫ್ ಮತ್ತು ಜೊತೆಗಾರರು ಇದನ್ನು ಒಪ್ಪಿಲ್ಲ. ಜಗಳ ಮುಂದುವರಿದಿದೆ.

2007ರ ಒಂದು ಪ್ರಯೋಗ ಇನ್ನೂ ಹೆಸರುವಾಸಿ. ಗುಡ್ಡ ಹತ್ತಲು ಹೆಣಗುವ ಮರದ ಬೊಂಬೆಯನ್ನು ಒಂದು ಬೊಂಬೆ ಮೇಲೆ ನೂಕುತ್ತದೆ, ಇನ್ನೊಂದು ಕೆಳಗೆ ತಳ್ಳುತ್ತದೆ. ಆಮೇಲೆ ಎರಡನ್ನೂ ಮುಂದಿಟ್ಟರೆ ಆರು ತಿಂಗಳ 12 ಕೂಸುಗಳಲ್ಲಿ ಹನ್ನೆರಡೂ, ಹತ್ತು ತಿಂಗಳ 16ರಲ್ಲಿ 14 ಸಹಾಯ ಮಾಡಿದ ಬೊಂಬೆಯನ್ನೇ ಮುಟ್ಟಿದವು. ಒಳ್ಳೆಯದು ಕೆಟ್ಟದ್ದರ ಅರಿವು ಹುಟ್ಟಿನಿಂದಲೇ ಬರುತ್ತದೆ ಎಂದು ಸುದ್ದಿಯೂ ಆಯಿತು. ಆದರೆ ಒಟ್ಟು 28 ಕೂಸುಗಳು, ಅಷ್ಟೇ ಅಲ್ವಾ? ಹಲವು ದೇಶಗಳ 37 ಲ್ಯಾಬುಗಳು ಸೇರಿ ಇದನ್ನೇ ಮತ್ತೆ ಮಾಡಿದವು. ಸಾವಿರಕ್ಕೂ ಹೆಚ್ಚು ಕೂಸುಗಳು ಬಂದವು, ಲೆಕ್ಕಕ್ಕೆ ಉಳಿದದ್ದು 567. ಅವುಗಳಲ್ಲಿ ಸಹಾಯಕನನ್ನು ಆರಿಸಿದ್ದು ಹೆಚ್ಚುಕಡಿಮೆ ಅರ್ಧ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಈ ಸಲ ಬೊಂಬೆಯಾಟ ಕಣ್ಣೆದುರು ನಡೆಯಲಿಲ್ಲ, ವಿಡಿಯೋದಲ್ಲಿ ನಡೆಯಿತು. ಫಲಿತಾಂಶ ಬದಲಾಗಲು ಅದೂ ಕಾರಣವಿರಬಹುದು.

ಲ್ಯಾಬುಗಳ ಇದೇ ಕೂಟ, ಮೆನಿಬೇಬೀಸ್, ತನ್ನ ಮೊದಲ ಅಧ್ಯಯನವನ್ನು 2020ರಲ್ಲಿ ಪ್ರಕಟಿಸಿತ್ತು: 67 ಲ್ಯಾಬು, 2,329 ಕೂಸುಗಳು. ನಾವು ಕೂಸುಗಳೊಡನೆ ರಾಗ ಎಳೆದು ಮುದ್ದಾಗಿ ಆಡುವ ಮಾತು ಅವಕ್ಕೆ ಮಾಮೂಲಿ ಮಾತಿಗಿಂತ ಇಷ್ಟವೇ ಎಂಬುದು ಪ್ರಶ್ನೆ. ಇಷ್ಟ ಹೌದು ಎಂಬ ಉತ್ತರ ಗಟ್ಟಿಯಾಗಿ ನಿಂತಿತು. ದೊಡ್ಡ ಕೂಸುಗಳಲ್ಲಿ, ಕೇಳಿಸಿದ ಇಂಗ್ಲಿಷೇ ಮನೆಮಾತಾಗಿದ್ದವುಗಳಲ್ಲಿ ಆ ಇಷ್ಟ ಇನ್ನೂ ಜಾಸ್ತಿ ಕಂಡಿತು. ಜೊತೆಗೆ, ಕಣ್ಣು ಎಷ್ಟು ಹೊತ್ತು ನಿಂತಿತು ಎಂದು ನೋಡಿದ ಲ್ಯಾಬುಗಳಿಗಿಂತ, ಕೂಸು ದನಿಯತ್ತ ತಲೆ ತಿರುಗಿಸುವುದನ್ನು ಅಳೆದ ಲ್ಯಾಬುಗಳಲ್ಲಿ ಅದು ಹೆಚ್ಚಾಗಿ ಕಂಡಿತು. ಕೇಳಿಸಿದ್ದು ಅದೇ ಮಾತು, ಬೇರೆಯಾಗಿದ್ದದ್ದು ಅಳತೆ ಮಾತ್ರ.