ಟ್ಯಾಂಕ್ ತೊಳೆಯುವ ಸಾಮಾನು: ನೀರಿನ ದಾರಿ ಹಿಡಿದು ಓದಿ

ತೈಲ ಸಾಗಿಸುವ ಟ್ಯಾಂಕರ್ ಹಡಗಿನ ಟ್ಯಾಂಕ್ ತೊಳೆಯುವ ಪಾಠದಲ್ಲಿ ಬರುವ ಯಂತ್ರಗಳ ಹೆಸರನ್ನು ಸುಮ್ನೆ ಉರು ಹೊಡೆದರೆ ಎರಡು ದಿನಕ್ಕೆ ಮರೆತುಹೋಗುತ್ತೆ. ನಾನು ನೀರು ಹೋಗುವ ದಾರಿ ಹಿಡಿದೆ: ಪಂಪ್, ಹೀಟರ್, ತೊಳೆಯುವ ಮಷೀನ್, ಟ್ಯಾಂಕಿನ ತಳ, ಕೊನೆಗೆ ತೊಳೆದ ಕೊಳಕು ನೀರು ಸೇರುವ ಸ್ಲಾಪ್ ಟ್ಯಾಂಕ್.

ಮಷೀನ್ ಅಂದರೆ ತಿರುಗುವ ನಾಝಲ್ (ಧಾರೆ ಚಿಮ್ಮಿಸುವ ಮೂತಿ), ಅಷ್ಟೇ. ಸಾಮಾನ್ಯವಾಗಿ ಅದಕ್ಕೆ ಬೇರೆ ಮೋಟಾರ್ ಇರಲ್ಲ, ಒಳಗೆ ಬರುವ ನೀರೇ ಪುಟ್ಟ ಟರ್ಬೈನ್ ತಿರುಗಿಸುತ್ತೆ, ಟರ್ಬೈನ್ ಗೇರ್ ಮೂಲಕ ನಾಝಲ್ ತಿರುಗಿಸುತ್ತೆ. ಡೆಕ್‌ಗೆ ಕಾಯಂ ಆಗಿ ಕೂರಿಸಿದ್ದು ಒಂದು ಬಗೆ. ಹೋಸ್‌ಗೆ ಜೋಡಿಸಿ ಒಳಗಿಳಿಸುವ ಪೋರ್ಟಬಲ್ ಇನ್ನೊಂದು, ಹಡಗಿನವರ ಬಾಯಲ್ಲಿ 'ಬಟರ್‌ವರ್ತ್'. ಕಾಯಂ ಮಷೀನಿನ ಧಾರೆ ಕಬ್ಬಿಣದ ಪಟ್ಟಿಗಳ ಮರೆಗೆ ತಲುಪಲ್ಲ, ಅಲ್ವಾ? ಆ ಮೂಲೆಗಳಿಗೆ ಪೋರ್ಟಬಲ್ ಬೇಕು, ಅದನ್ನೂ ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸಿ ತೊಳೆಯಬೇಕು. ಕಚ್ಚಾ ತೈಲದ ಟ್ಯಾಂಕಿಗೆ ಮೊದಲು ನೀರಲ್ಲ, ಅದೇ ತೈಲವನ್ನೇ ಮಷೀನಿನಿಂದ ಚಿಮ್ಮಿಸುತ್ತಾರೆ. ಗೋಡೆಗೆ ಅಂಟಿದ ಗಸಿ ಅದರಲ್ಲೇ ಕರಗುತ್ತೆ, ಸರಕಿನ ಜೊತೆಗೇ ದಡ ಸೇರುತ್ತೆ.

ಇಲ್ಲಿ ಸ್ವಲ್ಪ ನಿಲ್ಲಿ. 1969ರ ಡಿಸೆಂಬರ್‌ನಲ್ಲಿ ಮಾರ್ಪೆಸ್ಸಾ, ಮ್ಯಾಕ್ಟ್ರಾ, ಕಾಂಗ್ ಹಾಕಾನ್ 7 ಎಂಬ ಮೂರು ದೈತ್ಯ ಟ್ಯಾಂಕರ್‌ಗಳಲ್ಲಿ ಟ್ಯಾಂಕ್ ತೊಳೆಯುವಾಗಲೇ ಸ್ಫೋಟವಾಯಿತು. ಮಾರ್ಪೆಸ್ಸಾ ಮುಳುಗಿಯೇ ಹೋಯಿತು. ಧಾರೆ ಗೋಡೆಗೆ ಬಡಿದಾಗ ಏಳುವ ನೀರಿನ ಮಂಜಿನಲ್ಲಿ ಸ್ಥಿರ ವಿದ್ಯುತ್ ತುಂಬುತ್ತೆ, ಅನುಮಾನ ಬಿದ್ದಿದ್ದು ಅದರ ಮೇಲೆ. ಈಗ ಇನರ್ಟ್ ಗ್ಯಾಸ್ (ಬೆಂಕಿ ಹತ್ತಲು ಬಿಡದ ಅನಿಲ) ತುಂಬಿಸಿ ಟ್ಯಾಂಕಿನೊಳಗಿನ ಆಮ್ಲಜನಕವನ್ನು ಶೇ. 8ರ ಒಳಗೆ ಇಟ್ಟುಕೊಂಡೇ ತೈಲದಿಂದ ತೊಳೆಯುವುದು. ಪೋರ್ಟಬಲ್ ಹೋಸ್‌ನೊಳಗೆ ತಂತಿ ಇರೋದೂ ಇದಕ್ಕೇ, ಮಷೀನಿನ ಚಾರ್ಜ್ ಹಡಗಿನ ಮೈಗೆ ಹರಿದುಹೋಗಲಿ ಅಂತ. ಆದ್ದರಿಂದ ಹೋಸ್‌ನ ಎರಡೂ ತುದಿ ಜೋಡಿಸಿದ ಮೇಲೇ ಇಳಿಸಬೇಕು, ಮೇಲೆತ್ತಿದ ಮೇಲೇ ಬಿಚ್ಚಬೇಕು. ಪರೀಕ್ಷೆಯಲ್ಲಿ ಈ ಕ್ರಮ ಉಲ್ಟಾ ಬರೆದರೆ ಉಳಿದ ಉತ್ತರ ಎಷ್ಟು ಚೆನ್ನಾಗಿದ್ದರೂ ದಂಡ.

ಎಲ್ಲರೂ ಹಾರಿಸಿಬಿಡುವ ಭಾಗ ಎಡಕ್ಟರ್, ಅಂದರೆ ತೊಳೆದ ನೀರನ್ನು ತಳದಿಂದ ಹೊರಗೆ ಎಳೆಯುವ ಸಾಮಾನು. ತಿರುಗುವ ಭಾಗವೇ ಇಲ್ಲ, ಜೋರಾಗಿ ಹರಿಯುವ ನೀರು ಪಕ್ಕದ ಪೈಪಿನಿಂದ ತಳದ ನೀರನ್ನು ಎಳೆದುಕೊಳ್ಳುತ್ತೆ, ಗಾಳಿ ಸಿಕ್ಕರೂ ಪಂಪಿನಂತೆ ಕೆಡಲ್ಲ. ಹಡಗನ್ನು ಹಿಂಭಾಗಕ್ಕೆ ಬಾಗಿಸಿ ನಿಲ್ಲಿಸಿದರೆ ನೀರು ಅದರ ಬಾಯಿಗೆ ತಾನೇ ಹರಿದು ಬರುತ್ತೆ. ತಳದಲ್ಲಿ ನೀರು ನಿಂತರೆ ಮಷೀನ್ ಎಷ್ಟು ಹೊತ್ತು ತಿರುಗಿದರೂ ಕೊಳೆ ಅಲ್ಲೇ.

ಆಮೇಲೆ ಫ್ಯಾನ್ ಹಾಕಿ ಗಾಳಿ ತುಂಬಿಸುವುದು, ಉರಿಯುವ ಅನಿಲ ಎಷ್ಟು ಉಳಿದಿದೆ ಅಂತ ಮೀಟರ್ ನೋಡುವುದು. ಒಂದು ಎಡವಟ್ಟು ಹೇಳ್ತೀನಿ: ಅನಿಲ ಉರಿಸಿ ಅಳೆಯುವ ಮಾಮೂಲಿ ಮೀಟರಿಗೆ ಆಮ್ಲಜನಕ ಬೇಕು, ಇನರ್ಟ್ ಆದ ಟ್ಯಾಂಕಿನಲ್ಲಿ ಅದು ತೋರಿಸುವ ಸೊನ್ನೆಯನ್ನು ನಂಬಬೇಡಿ.