ಬಾಗಲಕೋಟೆಗೂ ಬಂದಿದ್ದ ಒಂದು ಜೆಲ್

ಕಾಂಡೋಮ್ ಬಳಸಬೇಕೆಂದರೆ ಗಂಡಸು ಒಪ್ಪಬೇಕು. ಎಚ್‌ಐವಿ ತಡೆಯುವ ಪ್ರಚಾರವೆಲ್ಲ ಬಂದು ನಿಲ್ಲುತ್ತಿದ್ದುದು ಈ ಒಪ್ಪಿಗೆಯ ಹೊಸ್ತಿಲಲ್ಲೇ. ಹೆಣ್ಣು ತಾನೇ, ಬೇಕಿದ್ದರೆ ಗುಟ್ಟಾಗಿ, ಬಳಸಬಲ್ಲ ರಕ್ಷಣೆ ಬೇಕೆಂದು 1990ರಲ್ಲಿ ಜೀನಾ ಸ್ಟೈನ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞೆ ಬರೆದರು. ಯೋನಿಯೊಳಗೆ ಹಚ್ಚಿಕೊಳ್ಳುವ ವೈರಸ್ ನಿರೋಧಕ ಜೆಲ್, ಅಂದರೆ ಮೈಕ್ರೋಬಿಸೈಡ್, ಆ ಬೇಡಿಕೆಗೆ ಉತ್ತರವಾದೀತೆಂದು ಬಹಳ ವಿಜ್ಞಾನಿಗಳು ನಂಬಿದರು.

ಮೊದಲು ಕೈಗೆ ಸಿಕ್ಕಿದ್ದು ಅಂಗಡಿಯಲ್ಲೇ ಮಾರಾಟಕ್ಕಿದ್ದ ನಾನಾಕ್ಸಿನಾಲ್-9. ವೀರ್ಯಾಣುಗಳನ್ನು ಕೊಲ್ಲುವ ಈ ಗರ್ಭನಿರೋಧಕ ಗುಣದಲ್ಲಿ ಸಾಬೂನಿನ ನೆಂಟ. ಎಚ್‌ಐವಿ ಕಣಕ್ಕೆ ಕೊಬ್ಬಿನ ಹೊದಿಕೆಯಿದೆ. ಪ್ರಯೋಗಾಲಯದಲ್ಲಿ ಇದು ಅದನ್ನು ಒಡೆದುಹಾಕುತ್ತಿತ್ತು. ಆದರೆ ಅಂಥದೇ ಹೊದಿಕೆ ನಮ್ಮ ಜೀವಕೋಶಗಳಿಗೂ ಇದೆಯಲ್ಲ! ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕಾ ಮತ್ತು ಥಾಯ್ಲೆಂಡ್‌ಗಳ ಲೈಂಗಿಕ ಕಾರ್ಯಕರ್ತೆಯರು ಪಾಲ್ಗೊಂಡ ಪ್ರಯೋಗದ ಫಲಿತಾಂಶ 2000ದಲ್ಲಿ ಹೊರಬಿದ್ದಾಗ, ದಿನಕ್ಕೆ ಹಲವು ಸಲ ಜೆಲ್ ಹಚ್ಚಿದವರಲ್ಲೇ ಸೋಂಕು ಹೆಚ್ಚಿತ್ತು. ಕಾವಲಿಗಿಟ್ಟ ಔಷಧಿ ಒಳಪದರವನ್ನು ಗಾಸಿಗೊಳಿಸಿ ವೈರಸ್ಸಿಗೆ ಬಾಗಿಲು ತೆರೆದಿತ್ತು.

ಮುಂದಿನ ಸರದಿ ಸೌಮ್ಯ ವಸ್ತುಗಳದು. ಸೆಲ್ಯುಲೋಸ್ ಸಲ್ಫೇಟ್ ವೈರಸ್ಸಿನ ಮೈಗೆ ಅಂಟಿಕೊಂಡು ಅದು ಜೀವಕೋಶವನ್ನು ಹಿಡಿಯದಂತೆ ಮಾಡಬೇಕಿತ್ತು. ಇದರ ಪರೀಕ್ಷೆ ಆಫ್ರಿಕಾದ ಮೂರು ಕಡೆಗಳ ಜೊತೆಗೆ ಚೆನ್ನೈ ಹಾಗೂ ನಮ್ಮ ಬಾಗಲಕೋಟೆಯಲ್ಲೂ ನಡೆಯಿತು. 2007ರ ಜನವರಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಸೋಂಕು ತಗುಲಿದ 41 ಮಹಿಳೆಯರಲ್ಲಿ 25 ಮಂದಿ ಔಷಧಿಯ ಜೆಲ್ ಬಳಸಿದವರು, 16 ಮಂದಿ ಔಷಧಿಯಿಲ್ಲದ ಹುಸಿ ಜೆಲ್ ಬಳಸಿದವರು. ಈ ಅಂತರ ಆಕಸ್ಮಿಕವೂ ಇರಬಹುದು; ಆದರೂ ಜೆಲ್ ಕಾಪಾಡಲಿಲ್ಲ ಎಂಬುದಂತೂ ಸ್ಪಷ್ಟ. ಕಡಲಪಾಚಿಯಿಂದ ತಯಾರಿಸಿದ ಇನ್ನೊಂದು ಜೆಲ್ ಕೂಡ ಮರುವರ್ಷ ಸೋತಿತು.

ಆಮೇಲೆ ದಾರಿಯೇ ಬದಲಾಯಿತು. ವೈರಸ್ಸನ್ನು ಹೊರಗೆ ತಡೆಯುವ ಬದಲು, ಅದು ಜೀವಕೋಶದೊಳಗೆ ತನ್ನ ನಕಲು ಮಾಡಿಕೊಳ್ಳದಂತೆ ಕೆಡಿಸುವುದು. ಎಚ್‌ಐವಿ ರೋಗಿಗಳು ಮಾತ್ರೆಯಾಗಿ ನುಂಗುವ ಟೆನೊಫೋವಿರ್ ಜೆಲ್ ಆಯಿತು. ಕುರೈಶಾ ಮತ್ತು ಸಲೀಂ ಅಬ್ದುಲ್ ಕರೀಂ ಎಂಬ ವಿಜ್ಞಾನಿ ದಂಪತಿ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ 889 ಮಹಿಳೆಯರೊಂದಿಗೆ ನಡೆಸಿದ ಪ್ರಯೋಗದಲ್ಲಿ ಎಚ್‌ಐವಿ ಸೋಂಕು ಶೇ 39ರಷ್ಟು ತಗ್ಗಿತು. ಜನನಾಂಗದ ಹರ್ಪಿಸ್ ಶೇ 51ರಷ್ಟು. 2010ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಇದನ್ನು ಕೇಳಿದ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಬಹಳ ಕಾಲ ಉಳಿಯಲಿಲ್ಲ. ದಿನವೂ ಜೆಲ್ ಹಚ್ಚಿಕೊಳ್ಳಬೇಕಿದ್ದ ಮುಂದಿನ ದೊಡ್ಡ ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. ಬಳಸುತ್ತಿದ್ದೇವೆ ಎಂದೇ ಮಹಿಳೆಯರು ಹೇಳುತ್ತಿದ್ದರು, ಖಾಲಿ ಕೊಳವೆಗಳ ಎಣಿಕೆಯೂ ಹಾಗೆಯೇ ಹೇಳಿತು. ರಕ್ತ ಮಾತ್ರ ಬೇರೆ ಮಾತಾಡಿತು: ಸುಮಾರು ಕಾಲು ಭಾಗ ಮಾದರಿಗಳಲ್ಲಷ್ಟೇ ಔಷಧಿಯ ಕುರುಹು ಇತ್ತು. ಅವರನ್ನು ಸುಳ್ಳುಗಾತಿಯರೆನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಕಾಯಿಲೆಯವರ ಔಷಧಿಯನ್ನು ಆರೋಗ್ಯವಂತೆ ಮನೆಯಲ್ಲಿಟ್ಟುಕೊಂಡರೆ ಕಂಡವರು ಏನೆಂದುಕೊಳ್ಳಬಹುದೆಂಬ ಅಂಜಿಕೆಯನ್ನು ಯಾವ ಪ್ರಯೋಗಾಲಯವೂ ಅಳೆದಿರಲಿಲ್ಲ.

ಇನ್ನೊಂದು ತೊಡಕು 2017ರಲ್ಲಿ ಬೆಳಕಿಗೆ ಬಂತು. ಆರೋಗ್ಯವಂತ ಯೋನಿಯಲ್ಲಿ ಸಾಮಾನ್ಯವಾಗಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳದೇ ದರಬಾರು. ನಮ್ಮ ಮೊಸರಿನ ಹೆಪ್ಪಿನಲ್ಲಿರುವುದೂ ಇವುಗಳ ಬಳಗವೇ. ಕುರೈಶಾ ಅವರ ಪ್ರಯೋಗದ ಮಾದರಿಗಳನ್ನು ಮತ್ತೆ ನೋಡಿದಾಗ, ಇವು ಹೆಚ್ಚಿದ್ದ ಮಹಿಳೆಯರಲ್ಲಿ ಜೆಲ್ ಶೇ 61ರಷ್ಟು ರಕ್ಷಣೆ ಕೊಟ್ಟಿತ್ತು. ಉಳಿದವರಲ್ಲಿ ಕೇವಲ ಶೇ 18. ಗಾರ್ಡ್ನೆರೆಲ್ಲಾ ಎಂಬ ಬ್ಯಾಕ್ಟೀರಿಯಾ ಟೆನೊಫೋವಿರನ್ನು ಒಡೆದುಹಾಕುತ್ತಿತ್ತು. ಔಷಧಿ ಜೀವಕೋಶ ಮುಟ್ಟುವ ಮುನ್ನವೇ ನಡುದಾರಿಯಲ್ಲಿ ಲೂಟಿ!

ಕಡೆಗೂ ದಡ ಸೇರಿದ್ದು ಜೆಲ್ ಅಲ್ಲ, ಸಿಲಿಕೋನ್ ಉಂಗುರ. ಒಮ್ಮೆ ಒಳಗಿಟ್ಟರೆ ಒಂದು ತಿಂಗಳು ಡ್ಯಾಪಿವಿರಿನ್ ಎಂಬ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಒಸರುತ್ತದೆ. ಎರಡು ಪ್ರಯೋಗಗಳಲ್ಲಿ ಸುಮಾರು ಶೇ 30ರಷ್ಟು ರಕ್ಷಣೆ ಸಿಕ್ಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ತಿಂಗಳ ಕೊನೆಗೆ ಮರಳಿ ಬಂದ ಉಂಗುರದಲ್ಲಿ ಎಷ್ಟು ಔಷಧಿ ಉಳಿದಿದೆಯೆಂದು ಅಳೆದರೆ, ಅದು ಒಳಗಿತ್ತೋ ಬೀರುವಿನಲ್ಲಿತ್ತೋ ಎಂಬ ಅಂದಾಜು ಸಿಗುತ್ತದೆ. ವಯಸ್ಸು 21 ದಾಟದ ಯುವತಿಯರು ಉಂಗುರವನ್ನು ಉಳಿದವರಷ್ಟು ಬಳಸಿರಲಿಲ್ಲ. ಅವರಿಗೆ ರಕ್ಷಣೆಯೂ ಸಿಗಲಿಲ್ಲ.