ಬೆಟ್ಟದ ಮುಂದೆ ರೈಲು ಎಷ್ಟು ಚಿಕ್ಕದಿರಬೇಕು? ನಂದಿ ಕಡೆಯ ಲೈನ್ ಇಟ್ಟುಕೊಂಡು ಒಂದು ಟಿಪ್ಪಣಿ

ರೈಲು ಫೋಟೋ ಕಲಿಯಲು ಹೊರಟವರು ಮೊದಲು ತೆಗೆಯುವುದು ಇಂಜಿನ್ ಮುಖವನ್ನು. ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ಫ್ರೇಮ್ ತುಂಬ ಹಿಡಿಯುತ್ತಾರೆ. ಚೆನ್ನಾಗೇ ಬರುತ್ತದೆ. ಆದರೆ ಆ ಫೋಟೋ ಯಲಹಂಕದ್ದೋ ಬಂಗಾರಪೇಟೆಯದೋ ಯಾರಿಗೂ ಗೊತ್ತಾಗಲ್ಲ. ರೈಲು ಯಾವ ಊರಿನ ನಡುವೆ ಹೋಗುತ್ತಿದೆ ಅಂತ ಕಾಣಬೇಕಾದರೆ ರೈಲನ್ನು ಚಿಕ್ಕದು ಮಾಡಲು ಧೈರ್ಯ ಬೇಕು. ಎಷ್ಟು ಚಿಕ್ಕದು ಅನ್ನುವುದಕ್ಕೆ ಸುಲಭವಾದ ಲೆಕ್ಕವಿದೆ.

ದೂರದ ಲೆಕ್ಕ

ಚಿಕ್ಕಬಳ್ಳಾಪುರದ ಹತ್ತಿರ, ಯಲಹಂಕದಿಂದ ಬರುವ ರೈಲು ಲೈನಿನ ಪೂರ್ವಕ್ಕೆ ಒಂದು ಹೊಲದ ಬದುವಿನ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಎದುರಿಗೆ ಹಳಿ, ಅದರಾಚೆ ನಂದಿ ಬೆಟ್ಟ. ಬೆಟ್ಟ ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರ. ಸುತ್ತಲಿನ ಬಯಲು 900 ಮೀಟರ್‌ಗಿಂತ ಸ್ವಲ್ಪ ಮೇಲೆ. ಅಂದರೆ ನಮ್ಮ ಕಣ್ಣಿಗೆ ಬೆಟ್ಟ ಸುಮಾರು 550 ಮೀಟರ್ ಎದ್ದು ನಿಂತಿದೆ. ನಿಮ್ಮಿಂದ ಬೆಟ್ಟಕ್ಕೆ 5 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ರೈಲು ಬೋಗಿಯ ಎತ್ತರ ಸುಮಾರು 4 ಮೀಟರ್.

ಈಗ ಎತ್ತರವನ್ನು ದೂರದಿಂದ ಭಾಗಿಸಿ, ಕಣ್ಣಿಗೆ ಯಾವುದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಹೋಲಿಸಬಹುದು. ಬೆಟ್ಟಕ್ಕೆ 550 ಭಾಗ 5000, ಅಂದರೆ 0.11. ಹಳಿಯಿಂದ 20 ಮೀಟರ್‌ನಲ್ಲಿ ನಿಂತರೆ ರೈಲಿಗೆ 4 ಭಾಗ 20, ಅಂದರೆ 0.2. ಬೋಗಿಯೇ ಬೆಟ್ಟದ ಹತ್ತಿರಹತ್ತಿರ ಎರಡರಷ್ಟು ಕಾಣುತ್ತದೆ, ಬೆಟ್ಟ ಅದರ ಹಿಂದೆ ಅಡಗಿಬಿಡುತ್ತದೆ. ಹಳಿಯಿಂದ 100 ಮೀಟರ್ ದೂರಕ್ಕೆ ಹಿಂದೆ ಬಂದರೆ ರೈಲು 0.04ಕ್ಕೆ ಇಳಿಯುತ್ತದೆ. 400 ಮೀಟರ್‌ಗೆ ಬಂದರೆ 0.01. ಈಗ ಬೆಟ್ಟ ರೈಲಿನ ಹನ್ನೊಂದರಷ್ಟು ಎತ್ತರ! ಬೆಟ್ಟ ಅಲ್ಲೇ ಇದೆ, ನೀವು ನಡೆದದ್ದು ಅರ್ಧ ಕಿಲೋಮೀಟರೂ ಅಲ್ಲ.

ಗಮನಿಸಿ, ಈ ಲೆಕ್ಕದಲ್ಲಿ ಲೆನ್ಸ್ ಎಲ್ಲೂ ಬರಲಿಲ್ಲ. ರೈಲಿಗೂ ಬೆಟ್ಟಕ್ಕೂ ಇರುವ ಅನುಪಾತವನ್ನು ತೀರ್ಮಾನ ಮಾಡುವುದು ನೀವು ನಿಂತ ಜಾಗ. ಜೂಮ್ ಮಾಡಿದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ, ಅಷ್ಟೇ. "ದೊಡ್ಡ ಲೆನ್ಸ್ ಹಾಕಿದರೆ ಬೆಟ್ಟ ಹತ್ತಿರ ಬರುತ್ತೆ" ಅಂತಾರಲ್ಲ, ಅದು ಅರ್ಧ ಸತ್ಯ. ದೊಡ್ಡ ಲೆನ್ಸ್ ಇದ್ದವರು ಹಿಂದೆ ಹೋಗಿ ನಿಲ್ಲುತ್ತಾರೆ. ಕೆಲಸ ಮಾಡುವುದು ಆ ಹಿಂದೆ ಹೋದದ್ದು.

ಲೆನ್ಸ್ ಬೇಕಾಗುವುದು ಅಂಚು ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ. ಕ್ಯಾಮೆರಾದಲ್ಲಿ 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಇದ್ದರೆ, 400 ಮೀಟರ್‌ನಲ್ಲಿ 50 ಮಿ.ಮೀ. ಲೆನ್ಸ್ ಹಳಿಯ 288 ಮೀಟರ್ ಉದ್ದವನ್ನು ಹಿಡಿಯುತ್ತದೆ. ಒಂದು ಬೋಗಿ ಇಪ್ಪತ್ತು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎಂಟು ಬೋಗಿಯ ಲೋಕಲ್ ಗಾಡಿ ಫ್ರೇಮಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತದೆ, ಮುಂದೆ ಹೋಗಲು ಜಾಗವೂ ಉಳಿಯುತ್ತದೆ. 200 ಮಿ.ಮೀ. ಹಾಕಿದರೆ ಸಿಗುವುದು 72 ಮೀಟರ್, ಮೂರು ಬೋಗಿ. ಫೋನಿನ ಮಾಮೂಲಿ ಕ್ಯಾಮೆರಾ ಸುಮಾರು 24 ಮಿ.ಮೀ.ಗೆ ಸಮ. ಅದರಲ್ಲಿ 600 ಮೀಟರ್ ಬರುತ್ತದೆ, ಗಾಡಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಈ ಕೆಲಸಕ್ಕೆ ಫೋನ್ ಸಾಲದು ಅನ್ನುವವರ ಮಾತು ನಂಬಬೇಡಿ. ಎರಡು ಪಟ್ಟು ಜೂಮ್ ಮಾಡಿದರೆ 50ರ ಹತ್ತಿರ ಬಂದೇ ಬಿಡುತ್ತೀರಿ.

ಚಿಕ್ಕದಾದರೂ ಕಣ್ಣಿಗೆ ಬೀಳಬೇಕು

ರೈಲು ಚಿಕ್ಕದಾದಷ್ಟೂ ಅದರ ಹಿಂದೆ ಏನಿದೆ ಅನ್ನುವುದು ಮುಖ್ಯ. ನೀಲಗಿರಿ ತೋಪಿನ ಮುಂದೆ ಕಡು ನೀಲಿ ಬೋಗಿ ಕರಗಿಹೋಗುತ್ತದೆ. ಅದೇ ಬೋಗಿ ಕಟಾವಿಗೆ ಬಂದ ರಾಗಿ ಹೊಲದ ಕಂದು ಬಣ್ಣದ ಮುಂದೆ ಬಂದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆದ್ದರಿಂದ ರೈಲು ಬರುವ ಮೊದಲೇ ಹಳಿಯ ಉದ್ದಕ್ಕೂ ಕಣ್ಣಾಡಿಸಿ, ಹಿನ್ನೆಲೆ ತಿಳಿಯಾಗಿರುವ ತುಂಡು ಯಾವುದು ಅಂತ ಗುರುತು ಮಾಡಿಕೊಳ್ಳಿ. ಇಂಜಿನ್ ಅಲ್ಲಿಗೆ ಬಂದಾಗ ಒತ್ತುವುದು. ಹಳಿ ಎತ್ತರದ ಮಣ್ಣಿನ ಏರಿಯ ಮೇಲೆ ಹೋಗುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಬೋಗಿಯ ಹಿಂದೆ ಬರೀ ಆಕಾಶ.

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ ಸಿಗುತ್ತದೆ. ಚಪ್ಪರದ ಒಳಗೆ ಬಗ್ಗಿ ನಿಂತರೆ ಮೇಲೆ ಎಲೆಯ ಮಾಡು, ಎರಡು ಕಡೆ ಕಲ್ಲು ಕಂಬ, ಮಧ್ಯದ ಕಿಂಡಿಯಲ್ಲಿ ದೂರದ ಹಳಿ. ಕಂಬ ಮುಂದೆ ಇರುವುದರಿಂದ ರೈಲಿಗಿಂತ ಎತ್ತರ ಕಾಣುತ್ತದೆ. ಒಳಗೆ ನೆರಳು, ಹೊರಗೆ ಬಿಸಿಲು. ಎಕ್ಸ್‌ಪೋಷರ್ ಹೊರಗಿನ ಬೆಳಕಿಗೆ ಇಡಿ, ಎಲೆಗಳು ಕಪ್ಪಾದರೆ ಆಗಲಿ. ತೋಟದವರನ್ನು ಕೇಳಿಯೇ ಒಳಗೆ ಹೋಗಿ. "ಅಣ್ಣಾ, ಒಂದು ಫೋಟೋ ತಗೋತೀನಿ" ಅಂದರೆ ಬೇಡ ಅನ್ನುವವರು ಕಮ್ಮಿ.

ಬೆಳಕಿನ ವಿಷಯ ಇಲ್ಲಿ ಸರಳ. ಲೈನ್ ಹೆಚ್ಚುಕಡಿಮೆ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ, ಬೆಟ್ಟ ಅದರ ಪಶ್ಚಿಮಕ್ಕೆ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ, ಬೆಟ್ಟ ಮತ್ತು ರೈಲು ಎರಡಕ್ಕೂ ಬಿಸಿಲು. ಸಂಜೆ ಅದೇ ಜಾಗದಲ್ಲಿ ಬೆಟ್ಟ ಬರೀ ಆಕಾರವಾಗುತ್ತದೆ. ಚಳಿಗಾಲದ ಮಂಜಿದ್ದರೆ ಬೆಟ್ಟ ತೆಳುವಾಗಿ ಹಿಂದೆ ಸರಿದು ಇನ್ನೂ ದೂರ ಅನ್ನಿಸುತ್ತದೆ.

ಅಳತೆಗೆ ಗೊತ್ತಿರುವ ವಸ್ತು

ಯಾವುದು ದೊಡ್ಡದು ಅಂತ ಕಣ್ಣಿಗೆ ತಿಳಿಯಲು ಅಳತೆ ಗೊತ್ತಿರುವ ವಸ್ತು ಪಕ್ಕದಲ್ಲಿರಬೇಕು. ನಂದಿ ಹಾಲ್ಟ್‌ನಂಥ ಹಳೇ ನಿಲ್ದಾಣಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಈ ದಾರಿ ಮೊದಲು 762 ಮಿ.ಮೀ. ನ್ಯಾರೋ ಗೇಜ್ (ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ). ಆ ಪುಟ್ಟ ಗಾಡಿಗಳ ಕಾಲದಲ್ಲಿ ಕಟ್ಟಿದ ನಿಲ್ದಾಣದ ಮುಂದೆ ಈಗ 1676 ಮಿ.ಮೀ. ಬ್ರಾಡ್ ಗೇಜ್ ಬೋಗಿ ಬಂದು ನಿಲ್ಲುತ್ತದೆ. ಕಟ್ಟಡ, ಬೋಗಿ, ಬೆಂಚಿನ ಮೇಲೆ ಕೂತ ಒಬ್ಬರು ಅಜ್ಜ, ಮೂರೂ ಒಂದೇ ಫ್ರೇಮಿನಲ್ಲಿ ಇರಲಿ. ಅಜ್ಜನನ್ನು ಬಿಟ್ಟರೆ ಬೋಗಿ ಎಷ್ಟು ದೊಡ್ಡದು ಅಂತ ಗೊತ್ತೇ ಆಗಲ್ಲ.

ಕೆಲವೊಮ್ಮೆ ರೈಲೇ ಅಳತೆಗೋಲು. ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಈಗಲೂ ಇವೆ. ಬೋಳು ದಿಬ್ಬವನ್ನಷ್ಟೇ ತೆಗೆದರೆ ಅದು ಹತ್ತಡಿಯೋ ನೂರಡಿಯೋ ಹೇಳುವುದು ಕಷ್ಟ. ಮುಂದೆ ಒಂದು ಬೋಗಿ ಸಿಕ್ಕರೆ ಸಾಕು, ಎತ್ತರ ತಾನಾಗಿ ತಿಳಿಯುತ್ತದೆ.

ಉಳಿದದ್ದು

ದೂರ ನಿಂತರೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದರ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ 1/250 ಸೆಕೆಂಡಿನಲ್ಲಿ ಸುಮಾರು 9 ಸೆಂ.ಮೀ. ಮುಂದೆ ಹೋಗುತ್ತದೆ. 20 ಮೀಟರ್‌ನಲ್ಲಿ ಅದು ಎದ್ದು ಕಾಣುವ ಮಸುಕು, 400 ಮೀಟರ್‌ನಲ್ಲಿ ಕಂಡೂ ಕಾಣದಷ್ಟು.

ಹಳಿ ಮೇಲೆ ಮಾತ್ರ ಇಳಿಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು, ಎರಡೂ ಆಗಬಹುದು. ಮೇಲೆ ಹೇಳಿದ ಯಾವ ಫೋಟೋಗೂ ಹಳಿ ಮೇಲೆ ಇಳಿಯುವ ಅಗತ್ಯವೇ ಇಲ್ಲ, ಅಲ್ವಾ?

ಇನ್ನೊಂದು, ಫೋಟೋ ಎಲ್ಲಿ ನೋಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ, 400 ಮೀಟರ್‌ನಿಂದ 50 ಮಿ.ಮೀ.ನಲ್ಲಿ ತೆಗೆದ ಬೋಗಿಯ ಎತ್ತರ ಎಂಬತ್ತು ಚಿಲ್ಲರೆ ಪಿಕ್ಸೆಲ್. ಅದನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಉಳಿಯುವುದು ಇಪ್ಪತ್ತೆರಡು. ಗೋಡೆಗೆ ಹಾಕುವ ಪ್ರಿಂಟ್‌ಗೆ 400 ಮೀಟರ್ ಸರಿ. ಫೋನಿನಲ್ಲೇ ನೋಡುವುದಾದರೆ 200 ಮೀಟರ್‌ಗೆ ಬನ್ನಿ. ಆಗಲೂ ಬೆಟ್ಟ ರೈಲಿನ ಐದರಷ್ಟಕ್ಕಿಂತ ಎತ್ತರವೇ ಇರುತ್ತದೆ.